ನಲವತ್ತನೆಯ ಟ್ಯೂಬು

ಭಾವ ಸಿಕ್ಕಿಬಿದ್ದದ್ದು ತನ್ನ ಜಂಬದಿಂದಲೇ. ಅವನಿದ್ದ ಪ್ರಯೋಗಾಲಯದಲ್ಲಿ ವಿಪರೀತ ಕುಡಿದು ಸೇದುವ ನಲವತ್ತು ಗಂಡಸರ ರಕ್ತಪರೀಕ್ಷೆ ನಡೆದಿತ್ತು. ಹೋಲಿಸಿ ನೋಡಲು ಎರಡೂ ಚಟವಿಲ್ಲದ ನಲವತ್ತು ಮಂದಿ ಬೇಕು, ಸಿಕ್ಕವರು ಮೂವತ್ತೊಂಬತ್ತು. ಎಂದಿನಂತೆ ಕೊರತೆಯನ್ನು ಸಿಬ್ಬಂದಿಯಿಂದಲೇ ತುಂಬಿಸಲು ಹೊರಟ ಮುಖ್ಯಸ್ಥರು, ಎಲ್ಲರೆದುರೇ ರಕ್ತ ತೆಗೆಯುವ ಭಾವನ ಕಡೆ ತಿರುಗಿ, ಎರಡು ವರ್ಷದಿಂದ ಎಲ್ಲ ಬಿಟ್ಟಿದ್ದೇನೆ ಎನ್ನುತ್ತೀಯಲ್ಲ, ನೀನೇ ಕೊಡು ಎಂದರು. ಸಿಕ್ಕಸಿಕ್ಕವರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗಿದ ಮನುಷ್ಯ ಈಗ ಒಲ್ಲೆ ಎನ್ನುವುದು ಹೇಗೆ? ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ ಎಂಬ ಧೈರ್ಯ ಬೇರೆ.

ಆದರೆ ಯಂತ್ರದ ಮುಂದೆ ಕೂರುವವಳು ಅವನ ನಾದಿನಿ. ಮೂವತ್ತೊಂಬತ್ತನ್ನು ಅವಳು ನಿನ್ನೆಯೇ ಮುಗಿಸಿದ್ದಳು. ಇವತ್ತು ಬಂದ ಒಂದೇ ಒಂದು ಟ್ಯೂಬು ಯಾರದೆಂದು ಕೇಳಬೇಕೇ?

ಪರದೆಯ ಮೇಲೆ ಅಂಕಿಗಳು ಬಂದವು. ಸಿಗರೇಟಿನ ಗುಟ್ಟು ರಟ್ಟು ಮಾಡುವ ಕೊಟಿನಿನ್ ಬೇಕಾದಷ್ಟಿತ್ತು. ಲಿವರ್ ಸೋತಿದೆ ಎನ್ನುವ ಜಿಜಿಟಿ ಮಿತಿಯ ಮೂರು ಪಟ್ಟು. ಗಂಡಸಿನ ಹಾರ್ಮೋನು, ಟೆಸ್ಟೋಸ್ಟೆರಾನ್, ನೆಲ ಕಚ್ಚಿತ್ತು. ಯಂತ್ರ ಕೆಟ್ಟಿರಲಿ ದೇವರೇ ಎಂದುಕೊಂಡು ಅವಳು ಮತ್ತೊಮ್ಮೆ ಪರೀಕ್ಷಿಸಿದಳು. ಯಂತ್ರ ಸರಿಯಾಗಿಯೇ ಇತ್ತು.

ಅವಳಿಗೆ ಮೈಯೆಲ್ಲ ಉರಿಯಿತು. ಮಗುವಾಗಲೆಂದು ಅಕ್ಕ ಆರು ವರ್ಷದಿಂದ ಔಷಧಿ ತೆಗೆದುಕೊಳ್ಳುತ್ತಿದ್ದಳು. ಈಗ ಮೂರನೇ ಸುತ್ತಿನ ಹಾರ್ಮೋನ್ ಇಂಜೆಕ್ಷನ್, ಹೊಟ್ಟೆಯ ಮೇಲೆಲ್ಲ ನೀಲಿ ಕಲೆ. ಗಂಡನ ಪರೀಕ್ಷೆಯೂ ಆಗಲಿ ಎಂದು ಡಾಕ್ಟರು ಹೇಳಿದಾಗ ಭಾವ ನಮ್ಮ ಲ್ಯಾಬಿನದೇ ಎಂದು ಒಂದು ಒಳ್ಳೆಯ ವರದಿ ತಂದು ಕೊಟ್ಟಿದ್ದ. ಅದು ಯಾರದೋ, ಆ ದೇವರಿಗೇ ಗೊತ್ತು. ದಿನಾ ಸಂಜೆ ಅಕ್ಕನಿಗೆ ಸೂಜಿ ಚುಚ್ಚುತ್ತಿದ್ದವನೂ ಅವನೇ. ಎಂಥಾ ಹಗುರ ಕೈ ನಿನ್ನ ಗಂಡನದು ಎಂದು ನೆರೆಯವರು ಹೊಗಳಿದ್ದೇ ಹೊಗಳಿದ್ದು!

ಸಂಖ್ಯೆಯ ಹಿಂದಿರುವವರು ಯಾರೆಂದು ಬಾಯಿ ಬಿಡಬಾರದೆಂಬುದು ಲ್ಯಾಬಿನ ನಿಯಮ. ಹೇಳಿದರೆ ಅವಳ ಕೆಲಸ ಹೋಗುತ್ತದೆ, ಹೇಳದಿದ್ದರೆ ಸಂಜೆ ಅಕ್ಕನಿಗೆ ಇನ್ನೊಂದು ಸೂಜಿ. ಅರ್ಧ ದಿನ ಒದ್ದಾಡಿ, ಕೊನೆಗೆ ಭಾವ ರಕ್ತ ತೆಗೆಯುವ ಕೋಣೆಗೇ ಹೋಗಿ ಬಾಗಿಲು ಹಾಕಿಕೊಂಡಳು.

"ನಾನು ಯಾರಿಗೂ ಹೇಳಲ್ಲ ಭಾವ. ನೀವೇ ಹೇಳ್ಬೇಕು, ಇವತ್ತಿನ ಸೂಜಿಗೆ ಮುಂಚೆ."

ಭಾವ ಮೊದಲು ಹಾರಾಡಿದ, ಆಮೇಲೆ ಗೋಗರೆದ, ಕೊನೆಗೆ ಹತ್ತಿಯ ಉಂಡೆಯೊಂದನ್ನು ಹಿಸುಕುತ್ತ ಹೂಂ ಎಂದ. ಅವನ ಮೇಲೆ ನಂಬಿಕೆ ಸಾಲದೆ ಅವಳೂ ಸಂಜೆ ಜೊತೆಗೇ ಮನೆಗೆ ಹೋದಳು.

ಅಕ್ಕ ಔಷಧಿಯನ್ನು ಮೇಜಿನ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಭಾವ ನೆಲ ನೋಡುತ್ತ ಎಲ್ಲವನ್ನೂ ಹೇಳಿದ, ಸುಳ್ಳು ವರದಿಯ ವಿಷಯವನ್ನೂ. ಅವಳು ಅಳಲಿಲ್ಲ, ಕೂಗಾಡಲಿಲ್ಲ.

"ಕುಡೀತೀರ ಅಂತ ಗೊತ್ತಿತ್ತು ರೀ," ಎಂದಳು. "ವಾಸನೆ ಬರಲ್ವಾ? ಅದರಿಂದ ಮಗು ಆಗದೇ ಇರಬಹುದು ಅಂತ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತಲ್ಲ, ದಿನಾ ಅದೇ ಕೆಲಸ ಅಲ್ವಾ ನಿಮ್ಮದು?"

ಅಕ್ಕ ಔಷಧಿಯನ್ನು ಫ್ರಿಜ್ಜಿನಲ್ಲಿಟ್ಟು ಬಂದು ತಂಗಿಯ ಕಡೆ ತಿರುಗಿದಳು.

"ನಿನಗೂ ವಾಸನೆ ಬಂದಿರಬೇಕಲ್ಲೇ?"

ಬಂದಿತ್ತು. ಎಷ್ಟೋ ದಿನ ಬೆಳಿಗ್ಗೆ ಲ್ಯಾಬಿನಲ್ಲಿ ಬಂದಿತ್ತು. ಅಕ್ಕನ ಸಂಸಾರದಲ್ಲಿ ತಾನ್ಯಾಕೆ ತಲೆ ಹಾಕಲಿ ಎಂದು ಅವಳು ಸುಮ್ಮನಿದ್ದಳು.