ಹದಿನೇಳನೇ ನಂಬರಿನ ಬಾಟಲಿ

“ತಗೊಳ್ಳೋವಾಗ ಮೂಗಿತ್ತು ಪುಟ್ಟಣ್ಣ,” ಎಂದಳು ಪದ್ಮಶ್ರೀ. “ಆಮೇಲೆ ಹೋಯ್ತು.”

ನಾನು ಹಾಗೆ ಕೇಳಬಾರದಿತ್ತು. ವಾಸನೆಯೇ ಗೊತ್ತಾಗದವಳು ಕೆಮಿಸ್ಟ್ರಿ ಯಾಕಮ್ಮ ತಗೊಂಡೆ ಎಂದು ಬಾಯಿ ತಪ್ಪಿ ಕೇಳಿಬಿಟ್ಟಿದ್ದೆ. ಜನವರಿಯ ಒಂದು ಶನಿವಾರ, ಮಧ್ಯಾಹ್ನ ಕಾಲೇಜು ಖಾಲಿಯಾದ ಮೇಲೆ, ಲ್ಯಾಬಿನಲ್ಲಿ ನಾವಿಬ್ಬರೇ ಇದ್ದೆವು. ಯಲಹಂಕದ ಈ ಕಾಲೇಜಿನಲ್ಲಿ ನಾನು ಅಟೆಂಡರ್. ಮೂವತ್ತೊಂದು ವರ್ಷದಿಂದ ಟೆಸ್ಟ್ ಟ್ಯೂಬ್ ತೊಳೆಯುತ್ತಿದ್ದೇನೆ. ಪಿಯುಸಿ ಮೆಟ್ಟಿಲು ಹತ್ತಿದವನಲ್ಲ. ಬೆಂಜೀನ್ ಎಂದರೆ ಆರು ಮೂಲೆಯ ಚಿತ್ರ ಎನ್ನುವುದನ್ನು ಬೋರ್ಡು ಒರೆಸುತ್ತ ಒರೆಸುತ್ತ ಕಲಿತದ್ದು.

“ಕೊರೊನಾ ಬಂದಾಗ ಹೋಗಿದ್ದು. ಎಲ್ರಿಗೂ ಹದಿನೈದು ದಿನಕ್ಕೆ ವಾಪಸ್ ಬಂತು. ನಂಗೆ ಐದು ವರ್ಷ ಆಯ್ತು, ಇನ್ನೂ ಬರ್ತಾನೇ ಐತೆ. ನಮ್ಮಮ್ಮ ಮಾಡೋ ಬಸ್ಸಾರೂ ಒಂದೇ, ಬಿಸಿನೀರೂ ಒಂದೇ.”

“ಅಮ್ಮಂಗೆ ಹೇಳಿದೀಯಾ?”

“ಹೇಳಿದ್ರೆ ಉಪ್ಪು ಜಾಸ್ತಿ ಹಾಕ್ತಾರೆ, ಅಷ್ಟೇ.”

ಅವಳ ಮನೆ ಇಲ್ಲೇ ಹತ್ತಿರದ ಸಿಂಗಾಪುರ ಹಳ್ಳಿಯಲ್ಲಿ. ಬಿಎಸ್‌ಸಿಯ ಉಳಿದ ಪೇಪರೆಲ್ಲ ಮುಗಿಸಿದ್ದಾಳೆ. ಮೊದಲ ವರ್ಷದ ಆರ್ಗ್ಯಾನಿಕ್ ಪ್ರಾಕ್ಟಿಕಲ್ ಒಂದು ಮಾತ್ರ ನಾಲ್ಕು ಸಲ ಕೂತರೂ ಪಾಸಾಗಿಲ್ಲ. ಡಿಗ್ರಿ ಮುಗಿಸಲು ಯೂನಿವರ್ಸಿಟಿ ಕೊಡುವ ಆರು ವರ್ಷ ಈ ಜೂನ್‌ಗೆ ತೀರುತ್ತದೆ. ಮಾತ್ರೆ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಅವಳಿಗೆ. ಡಿಗ್ರಿ ಸರ್ಟಿಫಿಕೇಟ್ ತಂದರೆ ಮೇಲಿನ ಮಹಡಿಯ ಲ್ಯಾಬಿಗೆ ಹಾಕುತ್ತೇವೆ ಎಂದಿದ್ದಾರಂತೆ. ತರದಿದ್ದರೆ ಕೆಳಗೇ.

ಲ್ಯಾಬಿನ ಗುಟ್ಟೊಂದನ್ನು ಇಲ್ಲಿ ಹೇಳಲೇಬೇಕು. ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಾಟಲಿ ಕೊಡುತ್ತಾರೆ. ಅದರ ಮೇಲೆ ನಂಬರು ಇರುತ್ತದೆ, ಹೆಸರಿರುವುದಿಲ್ಲ. ಒಳಗಿರುವುದು ಏನೆಂದು ಮೂರು ಗಂಟೆಯಲ್ಲಿ ಒಂದೊಂದೇ ಟೆಸ್ಟ್ ಮಾಡಿ ಕಂಡುಹಿಡಿಯಬೇಕು. ಪುಸ್ತಕದಲ್ಲಿ ಹಾಗಿದೆ. ಮಕ್ಕಳು ಮಾಡುವುದು ಬೇರೆ. ಮೊದಲು ಮುಚ್ಚಳ ತೆಗೆದು ಮೂಸುತ್ತಾರೆ, ಹೆಸರು ತೀರ್ಮಾನ ಮಾಡುತ್ತಾರೆ, ಆಮೇಲೆ ಆ ಹೆಸರಿಗೆ ಬೇಕಾದ ಟೆಸ್ಟುಗಳನ್ನೆಲ್ಲ ಮಾಡಿದ ಹಾಗೆ ಬರೆದುಬಿಡುತ್ತಾರೆ. ಸೀನಿಯರುಗಳಿಂದ ಬಂದ ಒಂದು ಪಟ್ಟಿಯೇ ಇದೆ, ಈಗ ಮೊಬೈಲಿನಲ್ಲಿ ಓಡಾಡುತ್ತದೆ. ಫೀನಾಲ್ — ಆಸ್ಪತ್ರೆ ನೆಲ. ಅನಿಲೀನ್ — ಹಳೇ ಮೀನು. ನ್ಯಾಫ್ತಲೀನ್ — ಅಜ್ಜಿ ಟ್ರಂಕು. ಬೆಂಜಾಲ್ಡಿಹೈಡ್ — ಬಾದಾಮಿ. ನೈಟ್ರೋಬೆಂಜೀನ್ — ಬಾದಾಮಿ ಥರ, ಆದ್ರೆ ಶೂ ಪಾಲಿಶ್. ಕೊನೆಯಲ್ಲಿ ಯಾರೋ ಪುಣ್ಯಾತ್ಮ ಸೇರಿಸಿದ್ದಾನೆ: ಮೂಸು, ಬರಿ, ಹೊರಡು ಮಗಾ.

ಅನುಮಾನ ಬಂದರೆ ನಾನಿದ್ದೆ. ನೀರು ಕೊಡುವ ನೆಪದಲ್ಲಿ ಹತ್ತಿರ ಹೋಗಿ ಬಾಟಲಿ ಮೂಸಿ, “ಟ್ರಂಕು” ಎಂದೋ “ಮೀನು” ಎಂದೋ ಗೊಣಗಿ ಮುಂದೆ ಹೋಗುತ್ತಿದ್ದೆ. “ಪುಟ್ಟಣ್ಣನ ಮೂಗು ಮಿಷಿನ್ ಗುರು” ಎನ್ನುತ್ತಿದ್ದರು. ಕೇಳಲು ಚೆನ್ನಾಗಿರುತ್ತಿತ್ತು.

ಪದ್ಮಶ್ರೀಗೆ ಈ ದಾರಿ ಇರಲಿಲ್ಲ, ನಾಲ್ಕು ಸಲದಲ್ಲಿ ಒಮ್ಮೆಯೂ ನನ್ನನ್ನು ಕರೆದವಳೂ ಅಲ್ಲ. ಹಾಗಾಗಿ ಎಚ್‌ಒಡಿ ಸಾಹೇಬರ ಒಪ್ಪಿಗೆ ಪಡೆದು, ಪ್ರತಿ ಶನಿವಾರ ಪುಸ್ತಕದ ದಾರಿಯಲ್ಲೇ ಹೊರಟೆವು. ಅವಳು ಪುಸ್ತಕ ಓದಿ ಹೇಳುವಳು, ನಾನು ಕೈ ತೋರಿಸುವೆ. ಕಡಲೆ ಕಾಳಿನಷ್ಟು ಸೋಡಿಯಂ ಜೊತೆ ವಸ್ತುವನ್ನು ಸಣ್ಣ ಗಾಜಿನ ನಳಿಗೆಯಲ್ಲಿ ಕೆಂಪಗೆ ಕಾಯಿಸಿ ತಣ್ಣೀರಿಗೆ ಅದ್ದಬೇಕು. ಟಪ್ಪೆಂದು ಒಡೆಯುತ್ತದೆ. ಆ ನೀರನ್ನು ಸೋಸಿ, ಬೇಕಾದ್ದು ಬೆರೆಸಿದಾಗ ನೀಲಿ ಬಂದರೆ ಒಳಗೆ ನೈಟ್ರೋಜನ್ ಇದೆ ಎಂದರ್ಥ. ಮೊದಲ ದಿನ ಒಡೆದ ಸದ್ದಿಗೆ ಅವಳು ಕಣ್ಣು ಮುಚ್ಚಿ “ಅಯ್ಯಮ್ಮಾ” ಎಂದು ಬಾಗಿಲವರೆಗೆ ಓಡಿದ್ದಳು.

“ಕಣ್ಣು ಮುಚ್ಚಬ್ಯಾಡ ತಾಯಿ. ನಿಂಗಿರೋದು ಅದೊಂದೇ. ಕಂಡಿದ್ದು ಬರಿ, ಕಾಣದ್ದು ಬರೀಬ್ಯಾಡ.”

ಮೇ ತಿಂಗಳಿಗೆ ನಾನು ಕೊಟ್ಟ ಹತ್ತು ಬಾಟಲಿಯಲ್ಲಿ ಒಂಬತ್ತನ್ನು ಹೇಳುತ್ತಿದ್ದಳು. ನನಗೆ ಗೊತ್ತಿರುವ ಯಾವ ಹುಡುಗನೂ ಮೂಗು ಹಿಡಿದುಕೊಂಡು ಅಷ್ಟು ಹೇಳಿದ್ದಿಲ್ಲ.

“ನೋಡ್ತಾ ಇರಿ, ನಿಮ್ ಮೂಗಿಗಿಂತ ನನ್ ಕಣ್ಣೇ ಜೋರು,” ಎಂದು ನಕ್ಕಳು.

“ಜೋರಾಗ್ಲಿ ಬಿಡು. ನಾನು ಮುಂದಿನ ಮಾರ್ಚಿಗೆ ರಿಟೈರ್ಡು.”

ಪರೀಕ್ಷೆಗೆ ಹೊರಗಿನಿಂದ ಬಂದವರು ಪ್ರಿಯಂವದಾ ಮೇಡಮ್. ಬಂದವರೇ ಸ್ಟೋರಿನ ಬೀಗದ ಕೈ ಕೇಳಿದರು. “ಬಾಟಲಿ ನಾನೇ ತುಂಬ್ತೀನಿ ಪುಟ್ಟಣ್ಣ. ನೀವು ಹೊರಗಡೆ ಇರಿ.” ಪ್ರತಿ ವರ್ಷ ತುಂಬಿ ನಂಬರು ಅಂಟಿಸುತ್ತಿದ್ದವನು ನಾನು. ಬೇಸರವಾಯಿತು, ಆದರೆ ಹೊರಗೆ ನಿಂತೆ.

ಪದ್ಮಶ್ರೀಗೆ ಬಂದದ್ದು ಹದಿನೇಳನೇ ನಂಬರು. ಎಣ್ಣೆಯಂಥ ದ್ರವ, ತಿಳಿ ಹಳದಿ. ಅವಳು ಮೂಸುವ ನಾಟಕವನ್ನೂ ಆಡದೆ ನೇರ ಸೋಡಿಯಂಗೆ ಕೈ ಹಾಕಿದಳು. ಟಪ್ಪೆಂದಾಗ ಪಕ್ಕದವಳು ಬೆಚ್ಚಿಬಿದ್ದಳು, ಇವಳು ಬೀಳಲಿಲ್ಲ. ಸಿಂಕಿನ ಬಳಿ ನಿಂತಿದ್ದ ನನಗೆ ಅಷ್ಟು ದೂರದಿಂದಲೇ ಹೆಮ್ಮೆ. ಎರಡೂವರೆ ಗಂಟೆ ಕಳೆದ ಮೇಲೆ ಡಿಸ್ಟಿಲ್ಡ್ ವಾಟರ್ ಬೇಕೆಂದು ಕೈ ಎತ್ತಿದಳು.

“ಏನಮ್ಮ?”

“ನೀಲಿ ಬಂದಂಗೂ ಐತೆ, ಬರ್ದಂಗೂ ಐತೆ ಅಣ್ಣ. ಹಸಿರು ಹಸಿರು,” ಎಂದು ಪಿಸುಗುಟ್ಟಿದಳು. “ನೈಟ್ರೋಜನ್ ಇದೆ ಅಂತ ಬರ್ದಿದ್ದೀನಿ. ಇನ್ನೊಂದ್ಸಲ ಮಾಡಿ ನೋಡ್ತೀನಿ. ಟೈಮೈತೆ.”

ಅವಳು ನನ್ನನ್ನು ಏನೂ ಕೇಳಿರಲಿಲ್ಲ. ನೀರು ಹಾಕಿ ಹೋಗಬಹುದಿತ್ತು. ನನ್ನ ಕೈಯೇ ಮುಚ್ಚಳ ಎತ್ತಿತು.

“ಬಾದಾಮಿ ಕಣಮ್ಮ. ಬೆಂಜಾಲ್ಡಿಹೈಡು.”

“ಅದಾದ್ರೆ ನೈಟ್ರೋಜನ್ ಇರಲ್ವಲ್ಲ? ಬೆಳ್ಳಿ ಕನ್ನಡಿನೂ ಬರ್ಬೇಕು. ಮಾಡ್ದೆ, ಬರ್ಲಿಲ್ಲ.”

“ಇನ್ನೊಂದ್ಸಲ ಬಿಸಿನೀರಲ್ಲಿ ಇಡು, ಬರ್ತದೆ. ಹಸ್ರು ಬಿಟ್ಟಾಕು, ಸೋಡಿಯಂ ಹಳೇದು.”

“ಗ್ಯಾರಂಟಿನಾ ಅಣ್ಣ?”

“ಮೂವತ್ತೊಂದು ವರ್ಷ ಕಣಮ್ಮ.”

ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಸ್ಕೇಲಿಟ್ಟು, ನೈಟ್ರೋಜನ್ ಇದೆ ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಿದಳು. ಬೆಂಜಾಲ್ಡಿಹೈಡಾದರೆ ಆ ಕನ್ನಡಿ ಟೆಸ್ಟಿನಲ್ಲಿ ಟ್ಯೂಬಿನ ಒಳಗೋಡೆಗೆ ಬೆಳ್ಳಿ ಅಂಟಿ ಮುಖ ಕಾಣುವಷ್ಟು ಹೊಳೆಯಬೇಕು. ಎರಡನೇ ಸಲವೂ ಹೊಳೆಯಲಿಲ್ಲ. ಬೆಲ್ ಹೊಡೆಯಿತು. ಕಂಡಿರದ ಕನ್ನಡಿಯನ್ನು ಅವಳು ಬರೆದಳು.

ವೈವಾಗೆ ನಾನು ಟ್ಯೂಬುಗಳ ಸ್ಟ್ಯಾಂಡ್ ಹಿಡಿದು ಮೇಜಿನ ಪಕ್ಕವೇ ನಿಂತಿದ್ದೆ.

“ಕನ್ನಡಿ ಬಂತು ಅಂತ ಬರ್ದಿದ್ದೀಯಲ್ಲಮ್ಮ, ತೋರ್ಸು,” ಎಂದರು ಮೇಡಮ್.

ಅವಳು ಟ್ಯೂಬ್ ಎತ್ತಿ ಹಿಡಿದಳು. ಗಾಜಿನ ಆಚೆಗೆ ಕಿಟಕಿಯ ಸರಳುಗಳೇ ಕಾಣುತ್ತಿದ್ದವು.

“ನೈಟ್ರೋಜನ್ ಇದೆ ಅಂತ ಬರ್ದು ಯಾಕೆ ಹೊಡೆದ್ ಹಾಕ್ದೆ?”

“ನನ್ ಕಣ್ಣು ಸರಿ ಇಲ್ಲ ಅನ್ನಿಸ್ತು ಮೇಡಮ್.”

“ಯಾರಾದ್ರೂ ಏನಾದ್ರೂ ಹೇಳಿದ್ರಾ?”

“ಇಲ್ಲ ಮೇಡಮ್.”

“ಹೆಸರು ತಪ್ಪಾಗಿದ್ರೆ ಹೋಗ್ಲಿ, ಮಾಡಿದ್ದಕ್ಕೆ ಮಾರ್ಕ್ಸ್ ಕೊಡ್ತಿದ್ದೆ. ಕಾಣದೇ ಇರೋದನ್ನ ಕಂಡೆ ಅಂತ ಬರೆದ್ರೆ ಹೆಂಗಮ್ಮ ಕೊಡೋದು?”

ನನ್ನ ಶನಿವಾರದ ಮಾತನ್ನೇ ಆ ಹೆಂಗಸು ಹೇಳುತ್ತಿದ್ದರು. “ಮೇಡಮ್” ಎಂದೆ ನಾನು.

“ಏನ್ ಪುಟ್ಟಣ್ಣ?”

ಪದ್ಮಶ್ರೀ ಬಗ್ಗಿಸಿದ ತಲೆ ಎತ್ತಲಿಲ್ಲ. ಹೇಳಿದರೆ ಕಾಪಿ ಕೇಸೆಂದು ಅವಳ ಹೆಸರೇ ಬರೆಯುತ್ತಾರೆ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದುಂಟು. ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ಮುಂದಿನ ಮಾರ್ಚ್, ಪಿಂಚಣಿ.

“ಸ್ಟೋರಿನ ಬೀಗದ ಕೈ ಬೇಕಿತ್ತು,” ಎಂದೆ. ಕೊಟ್ಟರು.

ಸಂಜೆ ಮಾರ್ಕ್ಸ್ ಹಾಳೆಯ ಲಕೋಟೆಗೆ ಅರಗು ಹಾಕಲು ನನ್ನನ್ನೇ ಕರೆದರು. ಪಾಸಾಗಲು ಹದಿನಾಲ್ಕು ಬೇಕು. ಅವಳ ನಂಬರಿನ ಎದುರಿಗೆ ಒಂಬತ್ತು. ಪಕ್ಕದ ಹಾಳೆಯಲ್ಲಿ ಬಾಟಲಿಗಳ ಪಟ್ಟಿ ಇತ್ತು. ಹದಿನೇಳು, ನೈಟ್ರೋಬೆಂಜೀನ್.

ಅವೆರಡೂ ಅಕ್ಕತಂಗಿಯರಂಥ ವಾಸನೆಗಳು. ನಾನು ಯಾವತ್ತೂ ತಪ್ಪು ಹೇಳಿದವನಲ್ಲ. ಆದರೆ ಆ ಬಾಟಲಿಗಳನ್ನೆಲ್ಲ ತುಂಬುತ್ತಿದ್ದವನು ನಾನೇ ಅಲ್ಲವೇ, ಯಾವ ನಂಬರಿನಲ್ಲಿ ಏನಿದೆ ಎಂದು ತಲೆಯಲ್ಲೇ ಇರುತ್ತಿತ್ತು. ಮೂಗಿನಿಂದ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

ಪದ್ಮಶ್ರೀ ಮೆಟ್ಟಿಲ ಮೇಲೆ ಕೂತು ಏಪ್ರನ್ ಮಡಚಿ ಬ್ಯಾಗಿಗೆ ತುರುಕುತ್ತಿದ್ದಳು. ನಾನು ಬಂದದ್ದು ನೋಡಿ ಜಾಗ ಬಿಟ್ಟಳು, ಕೂರಲಿ ಎಂದು.

“ಏನಂತೆ ಅಣ್ಣ ಅದು?”

“ಪಾಲಿಶು.”

“ಓ.” ಬ್ಯಾಗಿನ ಜಿಪ್ ಸಿಕ್ಕಿಕೊಂಡಿತ್ತು, ಎರಡು ಸಲ ಎಳೆದಳು. “ಅಂಗಾದ್ರೆ ನೀಲಿನೇ ಅದು.”

“ತಪ್ಪಾಯ್ತು ಕಣಮ್ಮ. ನಾನು ಮೇಡಮ್ಮಿಗೆ ಹೇಳ್ಬೇಕಿತ್ತು. ಹೇಳಕ್ಕೆ ಆಗ್ಲಿಲ್ಲ.”

“ಗೊತ್ತಾಯ್ತು. ಬೀಗದ ಕೈ ಕೇಳಿದ್ರಲ್ಲ.” ಮಾತಿನಲ್ಲಿ ಕೊಂಕೇನೂ ಇರಲಿಲ್ಲ, ಅದೇ ಕಷ್ಟವಾಯಿತು. “ಐದು ಗಂಟೆಗೆ ಶಿಫ್ಟೈತೆ ಅಣ್ಣ. ಬರ್ತೀನಿ.”

“ಶನಿವಾರ...” ಎಂದು ಶುರುಮಾಡಿದೆ.

“ಶನಿವಾರ ಇನ್ನೇನಕ್ಕೆ ಅಣ್ಣ?” ಎಂದಳು, ಇಳಿದು ಹೋದಳು.

ಲ್ಯಾಬಿಗೆ ವಾಪಸ್ ಬಂದೆ. ಸಿಂಕಿನ ತುಂಬ ಟ್ಯೂಬುಗಳು. ಒಂದೊಂದೇ ಬ್ರಷ್ ಹಾಕಿ ತೊಳೆಯುತ್ತ ಅವಳ ಜಾಗದ ಸ್ಟ್ಯಾಂಡಿಗೆ ಬಂದೆ. ಬೆಳಿಗ್ಗೆಯ ಹಸಿರು ನೀರು ಒಂದು ಟ್ಯೂಬಿನಲ್ಲಿ ಹಾಗೇ ನಿಂತಿತ್ತು. ಮೇಲೆಲ್ಲ ತಿಳಿಯಾಗಿ, ತಳದಲ್ಲಿ ಒಂದು ಉಗುರಿನಷ್ಟು ನೀಲಿ ಇಳಿದು ಕೂತಿತ್ತು, ಶಾಯಿಯಂಥ ಗಟ್ಟಿ ನೀಲಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕೆಳಗಿನಿಂದ ವಾಚ್‌ಮನ್ ಗೇಟು ಹಾಕುವ ಸದ್ದು ಬಂತು. ಟ್ಯೂಬನ್ನು ಸಿಂಕಿಗೆ ಬಗ್ಗಿಸಿ ನಲ್ಲಿ ತಿರುಗಿಸಿದೆ.