ಪಾಂಡುವಿನ ನಿದ್ದೆಗೆಟ್ಟ ಲ್ಯಾಪ್‌ಟಾಪ್

ಗಂಗೊಳ್ಳಿಯ ಪಾಂಡು ಲ್ಯಾಪ್‌ಟಾಪ್ ತಂದದ್ದಕ್ಕೆ ಹೆಂಡತಿ ಜಲಜಳ ತಕರಾರಿರಲಿಲ್ಲ. ಅದನ್ನು ಯಾವತ್ತೂ ಬಂದ್ ಮಾಡಬಾರದೆಂದು ಅವನು ಹೊರಡಿಸಿದ ಸುಗ್ರೀವಾಜ್ಞೆಯೇ ಅವಳ ತಲೆಬಿಸಿ.

2009ರ ಮಳೆಗಾಲ. ಬೋಟುಗಳೆಲ್ಲ ದಡದಲ್ಲಿ ಮಲಗಿದ್ದವು. ಬೋಟಿನ ಒಡೆಯ ಪಾಂಡು ಮಾತ್ರ ಕಡಲಲ್ಲಿ ಗಾಳಿ ಎತ್ತ ಬೀಸುತ್ತಿದೆಯೆಂದು ಹಗಲಿಡೀ ಪರದೆ ನೋಡುತ್ತಿದ್ದ. ಯಾರೂ ನೀರಿಗಿಳಿಯದ ಕಾಲದಲ್ಲಿ ಇಷ್ಟು ಎಚ್ಚರ ವಹಿಸಿದವನು ಊರಲ್ಲಿ ಇನ್ನೊಬ್ಬನಿರಲಿಲ್ಲ.

ಪದೇ ಪದೇ ಆನ್-ಆಫ್ ಮಾಡಿದರೆ ಮಿಷನ್ನಿನ ಆಯಸ್ಸು ಮುಗಿಯುತ್ತದೆಂದು ಮುಂಬಯಿಯ ಗೆಳೆಯ ಭೋಜರಾಜ ಫೋನಿನಲ್ಲಿ ಹೇಳಿದ್ದ. ಪಾಂಡು ಸೆಟ್ಟಿಂಗಿಗೆ ಹೋಗಿ, ಎಷ್ಟು ಹೊತ್ತಿಗೆ ಮಲಗಬೇಕೆಂದು ಅದು ಕೇಳಿದಲ್ಲೆಲ್ಲ ‘ಯಾವತ್ತೂ ಬೇಡ’ ಎಂದು ಒತ್ತಿಬಿಟ್ಟ. ಸಾಲದ್ದಕ್ಕೆ, ಥಂಡಿ ತಾಗಬಾರದೆಂದು ಅಡಿಗೊಂದು ಕಂಬಳಿ ಹಾಸಿದ. ಕರೆಂಟ್ ಹೋದರೆ ಇನ್ವರ್ಟರ್ ಅದಕ್ಕೇ ಮೀಸಲು. ಜಲಜ ಚಿಮಣಿ ಬೆಳಕಲ್ಲಿ ಮೀನು ಕೊಯ್ಯುತ್ತಿದ್ದಳು.

"ಅದ್ಕೂ ಒಂಚೂರ್ ವಿಶ್ರಾಂತಿ ಕೊಡಿ. ಮುಟ್ರೆ ಕೈ ಸುಡ್ತ್," ಎಂದಳು ಒಮ್ಮೆ.

"ನಡು ಸಮುದ್ರದಗೆ ಬೋಟಿನ್ ಎಂಜಿನ್ ಬಂದ್ ಮಾಡ್ತ್ರಾ? ನಿಂಗೆ ಎಂತ ಗೊತ್ತಿತ್ ಮಾರಾಯ್ತಿ!"

ಅವಳಿಗೆ ಗೊತ್ತಿದ್ದದ್ದು ಒಂದೇ: ಆ ಮಳೆಗೆ ದೋಸೆ ಹಿಟ್ಟು ಹುಳಿ ಬರುತ್ತಿರಲಿಲ್ಲ, ಮನೆಯಲ್ಲಿ ಬೆಚ್ಚಗಿನ ಜಾಗ ಬೇರೆ ಇರಲಿಲ್ಲ. ಒಂದು ಸಂಜೆ ಹಿಟ್ಟಿನ ಪಾತ್ರೆಯನ್ನು ಲ್ಯಾಪ್‌ಟಾಪಿನ ಮಗ್ಗುಲಿಗೇ ಇಟ್ಟಳು.

ಬೆಳಿಗ್ಗೆ ಪಾಂಡುವಿನ ಕೂಗಿಗೆ ಓಡಿ ಬಂದಳು. ಹಿಟ್ಟು ಮುಚ್ಚಳ ಎತ್ತಿ, ಕಂಬಳಿಗಿಳಿದು, ಲ್ಯಾಪ್‌ಟಾಪಿನ ಕಿಂಡಿಗಳಲ್ಲಿ ಹೊಕ್ಕಿತ್ತು. ಪರದೆ ಕಪ್ಪು.

"ಇದೆಂತ ಮಾಡಿಟ್ಟೆ?"

"ಅಲ್ಲೇ ಬೆಚ್ಚಗಿತ್ತ್. ಇಟ್ಟೆ," ಎಂದಳು. ತಪ್ಪು ತನ್ನ ತಲೆಗೇ ಬಂತೆಂದುಕೊಂಡು ಸೆರಗಿನಲ್ಲಿ ಹಿಟ್ಟು ಒರೆಸತೊಡಗಿದಳು.

ಇಬ್ಬರೂ ಬಸ್ಸು ಹತ್ತಿ ಕುಂದಾಪುರಕ್ಕೆ ಹೋದರು. ರಿಪೇರಿ ಅಂಗಡಿಯ ಸುಜಿತ್ ಮುಚ್ಚಳ ಬಿಚ್ಚಿದವನೇ ಮೂಗು ಮುಚ್ಚಿಕೊಂಡ.

"ಹಿಟ್ಟಿನ್ ಕತೆ ಹಾಂಗಿರ್ಲಿ. ಫ್ಯಾನ್ ತುಂಬ ಕಂಬಳಿ ರೋಮ ಇತ್ತ್. ಒಳಗಿದ್ದೆಲ್ಲ ಮೊದ್ಲೇ ಬೆಂದ್ ಹೋಯ್ತ್. ಇದನ್ನ್ ಬಂದೇ ಮಾಡ್ತಿರ್ಲಿಲ್ಯಾ?"

ಪಾಂಡು ಎದೆಯುಬ್ಬಿಸಿದ. "ಇಷ್ಟ್ ದಿನ ಬಂದ್ ಮಾಡ್ಲಿಲ್ಲ, ಚಂದ ಇತ್ತ್. ಇವತ್ತ್ ಒಂದ್ ಸಲ ಬಂದ್ ಆಯ್ತ್, ಕಾಣಿ, ಸತ್ತೇ ಹೋಯ್ತ್!"

ಸುಜಿತ್ ಬಿಚ್ಚಿದ ಮುಚ್ಚಳವನ್ನು ಹಾಗೇ ಮುಚ್ಚಿ ಲ್ಯಾಪ್‌ಟಾಪನ್ನು ವಾಪಸ್ ಕೊಟ್ಟ.

ಜಲಜಳ ಎದೆಯ ಭಾರ ಅಲ್ಲೇ ಇಳಿಯಿತು. ಗಂಡ ತಾನಾಗಿಯೇ ಕಾರಣ ಹುಡುಕಿಕೊಂಡಿದ್ದ. ಅದನ್ನು ತಿದ್ದುವಷ್ಟು ದಡ್ಡಿ ಅವಳಲ್ಲ. ಬಸ್ಸಿನಲ್ಲಿ ಕಿಟಕಿಯತ್ತ ಮುಖ ತಿರುಗಿಸಿ ನಗು ನುಂಗಿಕೊಂಡಳು.

"ಉಳಿದ್ ಹಿಟ್ಟಿನ್ ದೋಸೆ ಹೊಯ್ಯಲಾ?"

ಪಾಂಡು ಗಂಭೀರವಾಗಿ ಯೋಚಿಸಿದ.

"ಹೊಯ್ಯಿ. ಚಟ್ನಿ ಖಾರ ಇರ್ಲಿ."