ಸೂಬಾನ್‌ಗೆ ಇಬ್ಬರು ಹೆಂಡಿರು

ಮಣಿಚನ್‌ಗೆ ಮೊದಲು ಅನುಮಾನ ಬಂದದ್ದು ತನ್ನ ಫೋನಿನ ಮೇಲೆ. ರೆಕಾರ್ಡ್ ಮಾಡಿಕೊಂಡದ್ದರಲ್ಲಿ ಅಮ್ಮ ಹೇಳಿದ್ದನ್ನು ಹಾಕಿದರೆ ಅಮ್ಮನ ದನಿ ಬರುತ್ತಿತ್ತು, ಬುವಾಲಿ ದೊಡ್ಡಮ್ಮ ಹೇಳಿದ್ದನ್ನು ಹಾಕಿದರೆ ದೊಡ್ಡಮ್ಮನ ದನಿಯೇ ಬರುತ್ತಿತ್ತು. ಆದರೆ ಕಥೆ ಮಾತ್ರ ಒಂದೇ. ಲಾವೋಸ್ ಬಿಟ್ಟು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿಗೆ ಓಡಿ ಬಂದವರ ಕಥೆಗಳು ಒಂದರ ಹಾಗೆ ಒಂದು ಇರುವುದೇನೋ ಸಹಜ. ಕತ್ತಲು, ದೋಣಿ, ಗುಂಡಿನ ಸದ್ದು ಯಾರಿಗೂ ತಪ್ಪಿದ್ದಲ್ಲ. ಇದು ಹಾಗಲ್ಲ. ಇಬ್ಬರ ಬಾಯಲ್ಲೂ ಅದೇ ಸೋರುವ ದೋಣಿ, ಅದೇ ವೀಳ್ಯ ಅಗಿಯುವ ಅಂಬಿಗ, ದಡದಲ್ಲಿ ಬೊಗಳಿದ ಅದೇ ಕುಂಟು ನಾಯಿ. ದೋಣಿಯ ಅಂಚು ಹಿಡಿದು ಈಜುತ್ತಿದ್ದ ಗಂಡ ಗುಂಡು ತಗುಲಿ, "ಮಗೂನ ಬಿಡಬೇಡ" ಅಂತ ಹೇಳಿ ಕೈಬಿಟ್ಟದ್ದೂ ಅದೇ. ಆ ಗಂಡನ ಹೆಸರಾದರೂ ಬೇರೆ ಇರಬೇಡವೇ? ಇಬ್ಬರೂ ಮೂಗೊರೆಸಿಕೊಂಡು ಹೇಳಿದ್ದು ಒಂದೇ ಹೆಸರು. ಸೂಬಾನ್, ಸೈನ್ಯದಲ್ಲಿದ್ದ ಸೂಬಾನ್.

ಸೂಬಾನ್ ಅಂದರೆ ಮಣಿಚನ್‌ಳ ಅಪ್ಪ. ಅವಳು ಕೈಗೂಸಾಗಿದ್ದಾಗಲೇ ನದಿಪಾಲಾದವನು. ವರ್ಷಾವರ್ಷ ಸತ್ತವರ ಹಬ್ಬಕ್ಕೆ ಅವನ ಹೆಸರು ಹೇಳಿ ಬಾಳೆ ಎಲೆಯಲ್ಲಿ ಅನ್ನದ ಪೊಟ್ಟಣ ಕಟ್ಟಿ ಮರದ ಬುಡದಲ್ಲಿ ಇಟ್ಟು ಬರುವವಳು ಅವಳೇ. ಶಾಲೆ ಬಿಡುವ ಹೊತ್ತಿಗೆ ಕಾಯುತ್ತಾ ತನ್ನ ಹಳದಿ ಬಸ್ಸಿನ ಸ್ಟೀರಿಂಗ್ ಹಿಂದೆ ಕೂತು ಎರಡೂ ದನಿಗಳನ್ನು ಮತ್ತೆ ಮತ್ತೆ ಕೇಳಿದಳು.

ಈ ಕೆಲಸ ಅವಳ ಕೊರಳಿಗೆ ಬಿದ್ದದ್ದು ಹೀಗೆ. ಐಯೋವಾದ ಈ ಹಂದಿಮಾಂಸದ ಕಾರ್ಖಾನೆಯ ಊರಿಗೆ ನಮ್ಮ ಲಾವೋಸ್ ಜನ ಬಂದು ಒಂದು ತಲೆಮಾರು ಕಳೆದು ಇನ್ನೊಂದು ಬಂತು. ಬೌದ್ಧ ವಿಹಾರದ ಕಮಿಟಿಯವರಿಗೆ ಬುದ್ಧಿ ಬಂದದ್ದು ಈಗ! ಹೋದ ಚಳಿಗಾಲದಲ್ಲಿ ಸಾಲಾಗಿ ಮುದುಕರು ಹೋದ ಮೇಲೆ, ಅಯ್ಯೋ, ಇವರ ಕಥೆಗಳೂ ಇವರ ಜೊತೆಗೇ ಹೋಗ್ತಾ ಇವೆಯಲ್ಲ ಅಂತ ಎಲ್ಲರಿಗೂ ಒಟ್ಟಿಗೆ ಜ್ಞಾನೋದಯ ಆಯಿತು. ಏಪ್ರಿಲ್‌ನ ಹೊಸ ವರ್ಷಕ್ಕೆ ವಿಹಾರದ ಪಕ್ಕದ ಕೋಣೆಯಲ್ಲಿ ಅಜ್ಜ ಅಜ್ಜಿಯರ ಫೋಟೋ ತೂಗುಹಾಕುವುದು, ಕೆಳಗಿನ ಗುಂಡಿ ಒತ್ತಿದರೆ ಅವರ ದನಿಯಲ್ಲೇ ಅವರ ಕಥೆ ಕೇಳಿಸುವುದು ಅಂತ ತೀರ್ಮಾನ ಮಾಡಿದರು. ಮಾಡುವವರು ಯಾರು? ಮಣಿಚನ್‌ಗೆ ಗಂಡ ಮಕ್ಕಳ ರಗಳೆ ಇಲ್ಲ, ಲಾವೋ ಮಾತು ಚೆನ್ನಾಗಿ ಬರುತ್ತದೆ, ಮುದುಕರು ಬೈದರೂ ನಗುತ್ತಾಳೆ. ಇನ್ನೇನು ಬೇಕು? ಅವಳ ತಲೆಗೆ ಕಟ್ಟಿದರು.

ಬುವಾಲಿ ದೊಡ್ಡಮ್ಮ ಈ ಊರಿಗೆ ಹೊಸಬಳು. ಕ್ಯಾಲಿಫೋರ್ನಿಯಾದಲ್ಲಿದ್ದವಳು ಹೋದ ವರ್ಷ ಮಗನ ಮನೆಗೆ ಬಂದಳು. ವಿಹಾರದಲ್ಲಿ ಅಮ್ಮನೂ ಅವಳೂ ಮುಖಾಮುಖಿ ಆದಾಗ ತಬ್ಬಿಕೊಂಡು ಅತ್ತದ್ದೇ ಅತ್ತದ್ದು. "ಥಾಯ್ಲೆಂಡಿನ ಶಿಬಿರದಲ್ಲಿ ಪಕ್ಕಪಕ್ಕದ ಗುಡಿಸಲು ನಮ್ಮದು," ಅಂತ ಅಮ್ಮ ಅಂದಿದ್ದಳು. ಅಷ್ಟೇ.

ಅಷ್ಟೇ? ಪಕ್ಕಪಕ್ಕದ ಗುಡಿಸಲು, ಒಬ್ಬನೇ ಸೂಬಾನ್! ಮಣಿಚನ್ ಏನು ಲೆಕ್ಕ ಹಾಕಬೇಕೋ ಅದನ್ನೇ ಹಾಕಿದಳು. ನೀವಾದರೂ ಅದನ್ನೇ ಹಾಕುತ್ತಿದ್ದಿರಿ. ಸಂಜೆ ಮನೆಗೆ ಹೋದವಳೇ, ಅಂಟಕ್ಕಿ ಅನ್ನವನ್ನು ಬುಟ್ಟಿಗೆ ತುಂಬುತ್ತಿದ್ದ ಅಮ್ಮನನ್ನು ಕೇಳಿಬಿಟ್ಟಳು.

"ಅಮ್ಮ, ಅಪ್ಪಂಗೆ ಇಬ್ಬರು ಹೆಂಡ್ತೀರಾ?"

ಅಮ್ಮ ಕೇವ್ತಾಳ ಕೈ ನಿಂತಿತು. "ಏನಂದೆ?"

"ಬುವಾಲಿ ದೊಡ್ಡಮ್ಮ ಹೇಳಿದ್ದೂ ನೀನು ಹೇಳಿದ್ದೂ ಒಂದೇ ಇದೆ. ಅದೇ ದೋಣಿ, ಅದೇ ಸೂಬಾನ್. ಇಬ್ಬರೂ ಒಂದೇ ದೋಣೀಲಿ ಕೂತಿದ್ರಾ? ನಂಗೇನೂ ಬೇಜಾರಿಲ್ಲಮ್ಮ, ಆದ್ರೆ ಗೋಡೆ ಮೇಲೆ ಹಾಕ್ಬೇಕಲ್ಲ, ಜನ ಕೇಳಿದ್ರೆ ಏನಂತ ಹೇಳ್ಲಿ?"

ಅಮ್ಮ ಬುಟ್ಟಿಯ ಮುಚ್ಚಳವನ್ನು ಪಟ್ಟನೆ ಮುಚ್ಚಿದಳು. ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಮಾರನೇ ದಿನವೂ ಏಳಲಿಲ್ಲ, ಅದರ ಮಾರನೇ ದಿನವೂ ಏಳಲಿಲ್ಲ. ಮೊದಲು ಕೋಪ ಅಂದುಕೊಂಡಳು ಮಗಳು. ಅಮ್ಮನ ಕೋಪ ಮಣಿಚನ್‌ಗೆ ಹೊಸದೇನಲ್ಲ, ಅದಕ್ಕೆ ದನಿ ಇರುತ್ತಿತ್ತು, ಪಾತ್ರೆ ಕುಕ್ಕುವ ಸದ್ದು ಇರುತ್ತಿತ್ತು. ಇದಕ್ಕೆ ಏನೂ ಇಲ್ಲ. ಗಂಜಿ ಬಾಯಿಗಿಟ್ಟರೆ ತುಟಿಯಂಚಿನಲ್ಲಿ ಇಳಿದು ಹೋಗುತ್ತಿತ್ತು. ಡಾಕ್ಟರ್ ರಕ್ತ ತೆಗೆದು, ಎದೆ ನೋಡಿ, ಎಲ್ಲ ಸರಿಯಾಗಿದೆ ಅಂದರು. ಸರಿಯಾಗಿದ್ದರೆ ಮನುಷ್ಯರು ಹೀಗೆ ಮಲಗುತ್ತಾರೆಯೇ? ಕಥೆ ಉಳಿಸುತ್ತೇನೆ ಅಂತ ಹೊರಟು ಅಮ್ಮನನ್ನೇ ಕಳೆದುಕೊಳ್ಳುತ್ತೇನೋ ಎಂಬ ಭಯ ಮಣಿಚನ್‌ಗೆ ಹತ್ತಿತು. ಬಸ್ಸು ಓಡಿಸುವಾಗ ಒಂದು ನಿಲ್ದಾಣ ಬಿಟ್ಟೇ ಹೋದಳು, ಮಕ್ಕಳು ಕೂಗಿಕೊಂಡ ಮೇಲೆ ಎಚ್ಚರ.

ಭಾನುವಾರ ಬುವಾಲಿ ದೊಡ್ಡಮ್ಮ ಬಂದಳು, ಕುಟ್ಟಿದ ಪರಂಗಿಕಾಯಿ ಡಬ್ಬಿ ಹಿಡಿದುಕೊಂಡು. ಮಣಿಚನ್ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ದೊಡ್ಡಮ್ಮ, ನಿಜ ಹೇಳಿ. ನೀವೂ ಅಮ್ಮನೂ ಸವತಿಯರಾ?"

ದೊಡ್ಡಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ನಗು ಶುರುವಾಯಿತು ನೋಡಿ, ಹೊಟ್ಟೆ ಹಿಡಿದುಕೊಂಡು, ಗ್ಯಾಸ್ ಒಲೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ. "ಸವತಿ! ಲೇ ಹುಡುಗಿ, ನನ್ನ ಸೂಬಾನ್‌ಗೆ ಒಬ್ಬಳನ್ನ ಸಾಕೋಕೇ ಸಂಬಳ ಸಾಲ್ತಿರ್ಲಿಲ್ಲ."

"ನಿಮ್ಮ ಸೂಬಾನ್. ಹಾಗಾದ್ರೆ ನಮ್ಮ ಸೂಬಾನ್?"

ನಗು ನಿಂತಿತು. ದೊಡ್ಡಮ್ಮ ಕಣ್ಣೊರೆಸಿಕೊಂಡು ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆಗೆದಳು, ಮತ್ತೆ ಹಾಕಿದಳು. "ಅದು ನಿಮ್ಮಮ್ಮನ ಬಾಯಲ್ಲೇ ಬರ್ಲಿ. ನಾನು ಹೇಳಿದ್ರೆ ಅವಳು ನನ್ನ ಮುಖ ನೋಡಲ್ಲ. ನೋಡು, ಅವಳಿಗೆ ಕಾಯಿಲೆ ಇಲ್ಲ. ಅವಳ ಖ್ವನ್ ಹೋಗಿವೆ. ನೀನು ಹಳೇದನ್ನ ಕೆದಕಿದೆ, ಅವು ಎದ್ದು ಅಲ್ಲಿಗೇ ಹೋಗಿ ಕೂತಿವೆ. ಫೂಮಿ ಅಜ್ಜನ್ನ ಕರ್ಸಿ ಕೂಗ್ಸು."

ಮನುಷ್ಯನ ಮೈಯಲ್ಲಿ ಮೂವತ್ತೆರಡು ಖ್ವನ್, ಅಂದರೆ ಜೀವಾತ್ಮಗಳು, ಇರುತ್ತವೆ, ಹೆದರಿಕೆಗೋ ದುಃಖಕ್ಕೋ ಬಿಟ್ಟು ಹೋದರೆ ಹೆಸರು ಹಿಡಿದು ಕೂಗಿ ಕರೆಯಬೇಕು ಎನ್ನುವುದು ಮಣಿಚನ್‌ಗೆ ಗೊತ್ತಿಲ್ಲದ್ದಲ್ಲ. ಆದರೆ ಗೊತ್ತಿರುವುದೆಲ್ಲ ಈಗ ಕಲಸುಮೇಲೋಗರ ಆಗಿತ್ತು. ಅಪ್ಪ ಯಾರ ಗಂಡ? ಅಪ್ಪ ಅಪ್ಪನೇ ಹೌದೋ ಅಲ್ಲವೋ? ಇಷ್ಟು ವರ್ಷ ಮರದ ಬುಡದಲ್ಲಿ ಇಟ್ಟ ಅನ್ನ ತಿಂದವನು ಯಾರು? ಇರಲಿ, ಮೊದಲು ಅಮ್ಮ ಒಂದು ತುತ್ತು ತಿನ್ನಲಿ ಅಂತ ಫೂಮಿ ಅಜ್ಜನಿಗೆ ಫೋನ್ ಮಾಡಿದಳು.

ಫೂಮಿ ಅಜ್ಜ ಕಾರ್ಖಾನೆಯಲ್ಲಿ ಮಾಂಸ ಕಡಿದು ನಿವೃತ್ತಿಯಾದವರು, ಮಂತ್ರ ಹೇಳುವ ಗಂಟಲು ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಮಾರನೇ ಬೆಳಿಗ್ಗೆಯೇ ಬಂದರು. ದೊಡ್ಡಮ್ಮ ಬಾಳೆ ಎಲೆಯ ಗೋಪುರ ಮಾಡಿ, ಚೆಂಡುಹೂ ಸಿಕ್ಕಿಸಿ, ಬಿಳಿ ನೂಲಿನ ಎಳೆಗಳನ್ನು ಇಳಿಬಿಟ್ಟಿದ್ದಳು. ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ, ಅನ್ನದ ಉಂಡೆ. ಅಮ್ಮನನ್ನು ಎಬ್ಬಿಸಿ ದಿಂಬಿಗೆ ಒರಗಿಸಿ ಕೂರಿಸಿದರು. ಅವಳ ಕಣ್ಣು ಎಲ್ಲೋ ನೆಟ್ಟಿತ್ತು.

"ಎಲ್ಲಿಂದ ಕರೀಲಿ?" ಅಜ್ಜ ಕೇಳಿದರು. "ಜಾಗ ಸರಿಯಾಗಿ ಹೇಳ್ಬೇಕಮ್ಮ. ತಪ್ಪು ಜಾಗಕ್ಕೆ ಹೋಗಿ ಕೂಗಿದ್ರೆ ಗಂಟಲು ನೋವು, ಅಷ್ಟೇ."

"ನದಿಯಿಂದ," ಅಂದಳು ಮಣಿಚನ್. ದೊಡ್ಡಮ್ಮ ತಲೆ ಬಗ್ಗಿಸಿ ಗೋಪುರದ ನೂಲು ಸರಿಮಾಡಿದಳು.

ಅಜ್ಜ ಕೈಮುಗಿದು ಶುರು ಮಾಡಿದರು. ಬಾ ಖ್ವನ್ನೇ ಬಾ, ಕತ್ತಲ ನೀರಲ್ಲಿ ಮುಳುಗಬೇಡ ಬಾ, ಸೋರುವ ದೋಣಿಯಲ್ಲಿ ಕೂರಬೇಡ ಬಾ, ಮರಳ ದಂಡೆಯಲ್ಲಿ ಅಳಬೇಡ ಬಾ. ಎಲ್ಲರೂ "ಬಾರಮ್ಮಾ ಬಾ" ಅಂತ ದನಿಗೂಡಿಸಿದರು. ಅಜ್ಜ ಎರಡನೇ ಸಲ ನದಿಯ ಹೆಸರೆತ್ತುವಾಗ ಅಮ್ಮನ ತುಟಿ ಅಲುಗಿತು.

"ನಿಲ್ಸಿ," ಅಂದಳು. ಇಷ್ಟು ದಿನದಲ್ಲಿ ಅವಳು ಆಡಿದ ಮೊದಲ ಮಾತು ಅದು. "ಅಲ್ಲಿ ಯಾರೂ ಇಲ್ಲ. ನಾನು ಯಾವತ್ತೂ ಆ ದೋಣಿ ಹತ್ತಲೇ ಇಲ್ಲ."

ಮಣಿಚನ್ ಅಮ್ಮನ ಕಾಲ ಬಳಿ ಸರಿದು ಕೂತಳು. "ಮತ್ತೆ ಹೆಂಗಮ್ಮ ಬಂದ್ವಿ?"

"ಹಾಡುಹಗಲಲ್ಲಿ ಸಂತೆ ದೋಣೀಲಿ ಬಂದ್ವಿ. ಉಪ್ಪು ಮಾರೋ ಹೆಂಗಸರ ಜೊತೆ, ನಗ್ತಾ ನಗ್ತಾ, ನಿನ್ನ ಬೆನ್ನಿಗೆ ಕಟ್ಕೊಂಡು. ನಮ್ಮದು ಬಾನ್ ಬೋ ಅಂತ ಊರು, ಉಪ್ಪು ಕಾಸೋರು ನಾವು. ನಿಮ್ಮಪ್ಪ ಸೈನ್ಯದಲ್ಲಿದ್ದೋರಲ್ಲ. ಬಂದೂಕು ಕಂಡ್ರೆ ಕೊಟ್ಟಿಗೆ ಹಿಂದೆ ಹೋಗಿ ನಿಲ್ಲೋರು." ಅಮ್ಮನ ದನಿ ಒಣಗಿತ್ತು, ಆದರೆ ನಿಲ್ಲಲಿಲ್ಲ. "ಅವರ ಅಣ್ಣನ್ನ ಪಾಠ ಹೇಳ್ಕೊಡ್ತೀವಿ ಅಂತ ಕರ್ಕೊಂಡು ಹೋದ ಹೊಸ ಸರ್ಕಾರದೋರು ವಾಪಸ್ ಕಳಿಸ್ಲಿಲ್ಲ. ಇನ್ನು ಇವರ ಸರದಿ ಅಂತ ಸುದ್ದಿ ಬಂತು. ನೀನು ಮುಂದೆ ನಡಿ, ಈ ಕೊಪ್ಪರಿಗೆ ಇಳಿಸಿ ಬರ್ತೀನಿ ಅಂದ್ರು. ಒಲೆ ಮೇಲೆ ಉಪ್ಪುನೀರು ಅರ್ಧ ಬತ್ತಿತ್ತು. ಹಾಳು ಉಪ್ಪು! ಬಿಟ್ಟು ಬನ್ನಿ ಅಂದೆ, ಕೇಳ್ಲಿಲ್ಲ."

"ಆಮೇಲೆ?"

"ಆಮೇಲೇನು? ಬರ್ಲಿಲ್ಲ. ಶಿಬಿರದ ಗೇಟಲ್ಲಿ ಕಾದೆ, ಮಳೆಗಾಲ ಹೋಯ್ತು, ಇನ್ನೊಂದು ಮಳೆಗಾಲ ಬಂತು. ನಿನಗೆ ಜ್ವರ, ಮೈಯಲ್ಲಿ ಮೂಳೆ ಬಿಟ್ರೆ ಏನಿರ್ಲಿಲ್ಲ. ಅಮೆರಿಕಕ್ಕೆ ಕಳಿಸೋ ಆಫೀಸರ್ ಏನಂದ ಗೊತ್ತಾ? ಸೈನ್ಯದೋರ ಮನೆಯವರಾದ್ರೆ ಸರಿ, ಉಪ್ಪು ಕಾಸೋರಿಗೆ ಅಲ್ಲೇನು ಭಯ, ವಾಪಸ್ ಹೋಗು ಅಂದ."

ದೊಡ್ಡಮ್ಮ ಇನ್ನು ತಡೆಯಲಾರದೆ ಮುಂದೆ ಬಂದಳು. "ನಾನೇ ಕೊಟ್ಟೆ ಕಣೇ. ನನ್ನ ಹತ್ರ ಬೇರೇನಿತ್ತು ಕೊಡೋಕೆ? ನನ್ನ ಕಥೇನ ಕೊಟ್ಟೆ, ನನ್ನ ಸೂಬಾನ್ನ ಕೊಟ್ಟೆ. ಬಾವಿ ಹತ್ರ ಬಟ್ಟೆ ಒಗೀತಾ ಬಾಯಿಪಾಠ ಮಾಡಿಸ್ದೆ. ಎಲ್ಲಿ ಅಳಬೇಕು ಅಂತಾನೂ ಹೇಳ್ಕೊಟ್ಟೆ. ನನಗಿಂತ ಚೆನ್ನಾಗಿ ಅತ್ತಳು, ಪಾಪಿ!"

"ನಿಜವಾಗ್ಲೂ ಅತ್ತೆ," ಅಂದಳು ಅಮ್ಮ. "ಬದುಕಿರೋ ಗಂಡನ್ನ ಬಾಯಲ್ಲಿ ಕೊಂದ್ರೆ ಅಳು ಬರದೇ ಇರತ್ತಾ?"

ಮಣಿಚನ್‌ಗೆ ಸಿಟ್ಟು ಬಂತು, ಅಳುವೂ ಬಂತು, ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ. "ಇಲ್ಲಿಗೆ ಬಂದ ಮೇಲಾದ್ರೂ ಹೇಳ್ಬಹುದಿತ್ತಲ್ಲಮ್ಮ! ಒಂದು ಪತ್ರ ಬರೀಬಹುದಿತ್ತು. ಯಾರನ್ನಾದ್ರೂ ಕಳಿಸಿ ವಿಚಾರಿಸ್ಬಹುದಿತ್ತು!"

"ಸತ್ತೋರಿಗೆ ಯಾರು ಪತ್ರ ಬರೀತಾರೆ? ಸುಳ್ಳು ಹೇಳಿ ಬಂದಿದ್ದಾಳೆ ಅಂತ ಗೊತ್ತಾಗಿ ನಿನ್ನ ವಾಪಸ್ ಕಳಿಸಿಬಿಟ್ರೆ ಅಂತ ಭಯ. ಭಯ ಹೋಗೋ ಹೊತ್ತಿಗೆ ಆ ಕಥೇನೇ ನಾಲಿಗೆಗೆ ಅಂಟ್ಕೊಂಡಿತ್ತು. ಮೊನ್ನೆ ನೀನು ಫೋನ್ ಮುಂದಿಟ್ಟು ಮೇಜಿನ ಆ ಕಡೆ ಕೂತೆ ನೋಡು, ಆ ಆಫೀಸರ್ ಥರಾನೇ, ಹೆಸರು ಹೇಳಿ, ಊರು ಹೇಳಿ ಅಂತ. ನನ್ನ ಬಾಯಿ ತಾನೇ ಹೇಳ್ಕೊಂಡು ಹೋಯ್ತು. ಎದುರಿಗೆ ಕೂತಿರೋದು ಮಗಳು ಅಂತ ನೆನಪೇ ಆಗ್ಲಿಲ್ಲ."

ದೊಡ್ಡಮ್ಮ ಮೂಗು ಸೀಟಿ, "ಅಂತೂ ನನ್ನ ಗಂಡ ಎರಡು ಮನೆ ಪೊಟ್ಟಣ ತಿಂದು ತಿಂದು ಅಲ್ಲಿ ದಪ್ಪ ಆಗಿರ್ತಾನೆ," ಅಂದಳು. ಮಣಿಚನ್‌ಗೆ ಅಂಥ ಹೊತ್ತಿನಲ್ಲೂ ನಗು ನುಗ್ಗಿ ಬಂತು.

ಫೂಮಿ ಅಜ್ಜ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಬಾನ್ ಬೋದಿಂದ ಕರೀತೀನಿ. ಒಲೆ ಹತ್ರದಿಂದ." ಮತ್ತೆ ಕೈಮುಗಿದರು.

"ನನ್ನೊಬ್ಬಳನ್ನೇ ಕರೀಬೇಡಿ," ಅಂದಳು ಅಮ್ಮ. "ನನ್ನ ಖ್ವನ್ ಇವಳ ಅಪ್ಪನ ಪಕ್ಕ ಕೂತಿವೆ, ಎಬ್ಬಿಸಿದ್ರೂ ಏಳಲ್ಲ. ಅವರನ್ನೂ ಕರೀರಿ."

ಅಜ್ಜ ಪೇಚಿಗೆ ಸಿಕ್ಕಿಕೊಂಡರು. "ಅದು ಹೆಂಗಮ್ಮ ಆಗತ್ತೆ? ಖ್ವನ್ ಕೂಗೋದು ಬದುಕಿರೋರಿಗೆ. ಸತ್ತೋರಿಗೆ ಅನ್ನ ಇಡಬೇಕು, ಪುಣ್ಯ ಮುಟ್ಟಿಸಬೇಕು, ಕೂಗಬಾರದು. ಸತ್ತೋರನ್ನ ಕೂಗಿ ಮನೆಗೆ ಕರೀತಾರಾ ಯಾರಾದ್ರೂ? ಅವರು ಇದ್ದಾರೋ ಇಲ್ವೋ, ಅದನ್ನ ಹೇಳಿ. ಹಂಗೇ ಮಾಡ್ತೀನಿ."

ಅಮ್ಮನಿಗೆ ಒಮ್ಮೆ ಬಾಯಲ್ಲಿ ಕೊಂದೇ ಸಾಕಾಗಿತ್ತು. ತಲೆ ಎತ್ತಿ ಮಗಳ ಮುಖ ನೋಡಿದಳು, ದೊಡ್ಡಮ್ಮನೂ ನೋಡಿದಳು, ಅಜ್ಜನೂ ನೋಡಿದರು.

ಮಣಿಚನ್‌ಗೆ ಏನು ಗೊತ್ತು? ಅವಳಿಗೆ ಆ ಮನುಷ್ಯನ ಮುಖ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಇದ್ದಿದ್ದರೆ ಈಗ ಎಂಬತ್ತರ ಹತ್ತಿರ ಇರಬೇಕು. ಹಿಡಿದುಕೊಂಡು ಹೋಗಿ ಆ ವಾರವೇ ಮುಗಿಸಿದ್ದರೋ, ಇನ್ನೊಂದು ಮದುವೆಯಾಗಿ ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾನೋ, ಹೆಂಡತಿ ಮಗು ಇಬ್ಬರೂ ನದಿಯಲ್ಲಿ ಹೋದರು ಅಂತ ತಾನೇ ವರ್ಷಾವರ್ಷ ಅನ್ನ ಇಡುತ್ತಿದ್ದಾನೋ! ತಪ್ಪು ಹೇಳಿದರೆ ಸತ್ತವನನ್ನು ಅಲೆದಾಡಿಸಿದ ಹಾಗೆ, ಇಲ್ಲವೇ ಬದುಕಿರುವವನನ್ನು ಎರಡನೇ ಸಲ ಕೊಂದ ಹಾಗೆ.

"ಇದ್ದಾರೆ, ಅಜ್ಜ," ಅಂದಳು. "ಕೂಗಿ."

"ಮೈ ಎಲ್ಲಿದೆಯಮ್ಮ? ಅವರ ಖ್ವನ್ ಬಂದ್ರೆ ಎಲ್ಲಿ ಇಳಿಬೇಕು? ಒಂದು ಅಂಗಿಯಾದ್ರೂ ಇರ್ಬೇಕು ಅವರದ್ದು."

"ಅಂಗಿ ಇಲ್ಲ. ಅವರದ್ದು ಅಂತ ಇರೋದು ನಾನೊಬ್ಬಳೇ." ಮಣಿಚನ್ ಎಡಗೈ ಚಾಚಿದಳು. "ಇಲ್ಲಿಗೆ ಕಟ್ಟಿ."

ಅಜ್ಜ ಬಿಳಿ ನೂಲಿನ ಒಂದು ಎಳೆ ಎಳೆದು ಅವಳ ಮಣಿಕಟ್ಟಿನ ಮೇಲೆ ಹಿಡಿದರು. "ಹೆಸರು?"

"ಥೊಂಗ್ಲಾ," ಅಂದಳು ಅಮ್ಮ. ಆ ಹೆಸರು ಈ ದೇಶದಲ್ಲಿ ಅವಳ ಬಾಯಿಂದ ಬಂದದ್ದು ಅದೇ ಮೊದಲು.

"ಬಾ ಥೊಂಗ್ಲಾ ಬಾ," ಅಜ್ಜ ಮೆಲ್ಲಗೆ ಶುರು ಮಾಡಿದರು, ಅನುಮಾನದ ದನಿಯಲ್ಲಿ. ಮಣಿಚನ್ ದನಿಗೂಡಿಸಿದಳು, "ಬಾರಪ್ಪಾ, ಬಾ." ಅಪ್ಪ ಎಂಬ ಮಾತು ಯಾರ ಕಡೆಗೆ ಹೋಗುತ್ತಿದೆಯೋ ಅವಳಿಗೆ ಗೊತ್ತಿರಲಿಲ್ಲ, ಆದರೂ ಕರೆದಳು.

ಅಮ್ಮ ದಿಂಬು ಬಿಟ್ಟು ನೆಟ್ಟಗೆ ಕೂತಳು.

"ಗಟ್ಟಿಯಾಗಿ ಕೂಗ್ರೇ," ಅಂದಳು. "ಒಲೆ ಉರಿಯೋವಾಗ ಅವರಿಗೆ ಕಿವಿ ಕೇಳಿಸಲ್ಲ."